ಕಾಲರ್ ಮಾಸ್ತರನ ದವಡೆ

ನನ್ನ ಮೈದುನನನ್ನು ಎಲ್ಲರೂ ಕಾಲರ್ ಮಾಸ್ತರ ಅಂತಲೇ ಕರೆಯುವುದು. ದರ್ಜಿ ಕೆಲಸ. ನಮ್ಮ ಮನೆಯವರದೂ ಅದೇ. ಅಣ್ಣ ಬಟ್ಟೆ ಕತ್ತರಿಸುತ್ತಿದ್ದರು, ತಮ್ಮ ಹೊಲಿಯುತ್ತಿದ್ದ. ಕಾಜಾ, ಗುಂಡಿ, ಇಸ್ತ್ರಿ ನನ್ನದು. ಇಪ್ಪತ್ತನಾಲ್ಕು ವರ್ಷ ಮೂರು ಜನ ಒಂದೇ ಕೋಣೆಯಲ್ಲಿ ದುಡಿದೆವು. ಈಗ ಇಬ್ಬರೇ. ನಮ್ಮ ಮನೆಯವರು ಹೋಗಿ ಎರಡು ವರ್ಷ ಆಯಿತು.

ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ. ಮೇಲೆ ಯಾರಾದರೂ ಹತ್ತಿದರೆ ನಮ್ಮ ತಲೆಯ ಮೇಲೇ ಹತ್ತಿದ ಹಾಗೆ ಕೇಳುತ್ತದೆ. ಒಂದು ಕಿಟಕಿ. ಬೆಳಕು ಅಲ್ಲಿಂದ ಬರುವುದರಿಂದ ಮೈದುನನ ಮೆಷಿನ್ ಅಲ್ಲೇ. ಕತ್ತರಿಸುವ ಮೇಜು ನಡುವೆ. ಆ ಮೇಜಿನ ಅಂಚು ಒಂದು ಕಡೆ ಸವೆದು ನುಣುಪಾಗಿದೆ. ನಮ್ಮ ಮನೆಯವರು ಹೊಟ್ಟೆ ಆನಿಸಿ ನಿಲ್ಲುತ್ತಿದ್ದ ಜಾಗ ಅದು.

ಮೈದುನ ಹೊಲಿಯುವ ಕಾಲರಿಗೆ ಊರಾಚೆಯಿಂದಲೂ ಜನ ಬರುತ್ತಾರೆ. ಎರಡು ತುದಿ ಒಂದೇ ಸಮ ಕೂರಬೇಕು, ಕೂದಲೆಳೆ ಹೆಚ್ಚು ಕಡಿಮೆ ಆಗಬಾರದು. ಆಯಿತೋ, ಬಿಚ್ಚಿ ಮತ್ತೆ ಹೊಲಿಯುತ್ತಾನೆ. ಗಿರಾಕಿ "ಪರವಾಗಿಲ್ಲ ಬಿಡಿ" ಅಂದರೂ ಬಿಡುವುದಿಲ್ಲ. ಹಳೆಯ ಅಂಗಿಯ ಕಾಲರಿನಲ್ಲಿ ಕೊಳೆ ಎಲ್ಲಿ ಕೂತಿದೆ ಎಂದು ನೋಡಿಯೇ ಆ ಮನುಷ್ಯ ತಲೆ ತಗ್ಗಿಸಿ ಕೆಲಸ ಮಾಡುವವನೋ ತಲೆ ಎತ್ತಿ ಮಾಡುವವನೋ ಹೇಳುತ್ತಾನೆ. ಒಂದು ಸಲವೂ ತಪ್ಪಿದ್ದು ನಾನು ಕಾಣೆ. ಮಾತು ಕಡಿಮೆ. ಆಡಿದರೆ ಕೊಂಕು ಮಾತು.

ನಮ್ಮ ಮನೆಯವರಿಗೆ ಕೊನೆಯಲ್ಲಿ ಹಾಕಿದ ಅಂಗಿ ಅವನೇ ಹೊಲಿದ. ಕಾಯಿಲೆಯಲ್ಲಿ ಅವರ ಕುತ್ತಿಗೆ ಹದಿನೈದೂವರೆಯಿಂದ ಹದಿಮೂರೂವರೆಗೆ ಇಳಿದಿತ್ತು. ಟೇಪು ಹಿಡಿಯಲಿಲ್ಲ ಅವನು. ಕಣ್ಣಲ್ಲೇ ನೋಡಿ ಹೊಲಿದ. ಸರಿಯಾಗಿ ಕೂತಿತು.

ಅವರು ಹೋದದ್ದು ಬಾಯಿಯ ಹುಣ್ಣಿನಿಂದ. ನಾಲಿಗೆಯ ಎಡಬದಿಯಲ್ಲಿ ಎದ್ದಿತು. ಐದು ತಿಂಗಳು ಮುಲಾಮು ಹಚ್ಚಿದೆವು. ಬಾಯಿಗೆ, ದವಡೆಗೆ ಅಂತಲೇ ಬೇರೆ ಡಾಕ್ಟರು ಇರುತ್ತಾರೆ ಎಂದು ನಮಗೆ ಯಾರೂ ಹೇಳಲಿಲ್ಲ. ನಾವೂ ಯಾರನ್ನೂ ಕೇಳಲಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಕುತ್ತಿಗೆಗೆ ಇಳಿದಿತ್ತು.

ದರ್ಜಿಗಳು ಗುಂಡುಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಾರೆ. ಎರಡು ಕೈಯೂ ಬಟ್ಟೆಯ ಮೇಲಿರುತ್ತದಲ್ಲ. ಅಣ್ಣ ತಮ್ಮ ಇಬ್ಬರಿಗೂ ಆ ಅಭ್ಯಾಸ. ಐದಾರು ಸೂಜಿ ತುಟಿಯಲ್ಲಿಟ್ಟುಕೊಂಡೇ ಜಗಳ ಆಡುತ್ತಿದ್ದರು, ಒಂದೂ ಬೀಳುತ್ತಿರಲಿಲ್ಲ. ಅವರು ಹೋದ ಮೇಲೆ ಅಂಗಡಿ ಮತ್ತೆ ತೆಗೆದ ಮೊದಲ ದಿನವೇ ನಾನು ಮೈದುನನಿಗೆ ಹೇಳಿದೆ. "ಇನ್ನು ಮುಂದೆ ಒಂದು ಸೂಜಿಯನ್ನೂ ಬಾಯಿಗೆ ಹಾಕಬೇಡ. ಹಾಕಿದ್ದು ಕಂಡರೆ ನಾನು ಈ ಅಂಗಡಿ ಮೆಟ್ಟಿಲು ತುಳಿಯೋದಿಲ್ಲ." ಹುಣ್ಣು ಸೂಜಿಯಿಂದ ಬಂತು ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ನನಗೆ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು. ಸೂಜಿ ಸಿಕ್ಕಿತು.

ಅವತ್ತಿನಿಂದ ಅವನ ಬಾಯಲ್ಲಿ ಸೂಜಿ ನಾನು ನೋಡಿಲ್ಲ. ಮತ್ತೆ ಎಲ್ಲಿ ಇಡುತ್ತಾನೆ ಎಂದು ನಾನು ಕೇಳಲೂ ಇಲ್ಲ.

ಈ ವರ್ಷ ಒಂದು ದಿನ ಅವನು ಟೀ ಕುಡಿಯುವುದನ್ನು ನೋಡಿದೆ. ತಲೆಯನ್ನು ಬಲಕ್ಕೆ ವಾಲಿಸಿ ಒಂದೇ ಬದಿಯಲ್ಲಿ ಹೀರುತ್ತಿದ್ದ. ಆ ವಾಲಿಸುವುದನ್ನು ನಾನು ಐದು ತಿಂಗಳು ನೋಡಿದವಳು.

"ಏನೋ ಅದು? ಟೀ ಯಾಕೆ ಒಂದೇ ಕಡೆ ಕುಡೀತಿದ್ದೀಯ?"

"ಬಿಸಿ ಇತ್ತು ಅತ್ತಿಗೆ."

"ಬಿಸಿ ಎಡಗಡೆಗೆ ಮಾತ್ರ ಇರುತ್ತಾ?"

ಅವನು ಮೆಷಿನ್ ತುಳಿದ. ನಾನು ಹೋಗಿ ಚಕ್ರಕ್ಕೆ ಕೈ ಅಡ್ಡ ಹಿಡಿದೆ.

"ಬಾಯಿ ತೆಗಿ."

"ಗಿರಾಕಿ ಬರ್ತಾರೆ."

"ಬರಲಿ. ಅವರೂ ನೋಡಲಿ."

ತೆಗೆದ. ಫೋನಿನ ಬೆಳಕು ಬಿಟ್ಟು ನೋಡಿದೆ. ನಾಲಿಗೆ ಚೆನ್ನಾಗಿತ್ತು. ಆದರೆ ಎಡಗಡೆ ಕೆಳಗಿನ ಕೊನೆಯ ಹಲ್ಲಿನ ಹಿಂದೆ ಒಸಡು ಉಬ್ಬಿತ್ತು, ಕೋಟಿನ ಗುಂಡಿಯಷ್ಟು. ಬಿಸಿ ತಾಗಿದರೆ ಚುರ್ ಅನ್ನುತ್ತದೆ, ಮುಟ್ಟಿದರೆ ನೋವಿಲ್ಲ ಅಂದ. ನೋವಿಲ್ಲ ಅಂದದ್ದಕ್ಕೇ ನನಗೆ ಹೆಚ್ಚು ಭಯ ಆಯಿತು. ಅವರಿಗೂ ಮೊದಮೊದಲು ನೋವಿರಲಿಲ್ಲ.

"ಎಷ್ಟು ದಿನ ಆಯ್ತು?"

ಅವನು ಮೆಷಿನ್ನಿನ ಡ್ರಾಯರ್ ಎಳೆದು, ಕಾಲರಿಗೆ ಹಾಕುವ ಕ್ಯಾನ್ವಾಸ್ ತುಂಡುಗಳ ಕೆಳಗಿನಿಂದ ಒಂದು ದೊಡ್ಡ ಲಕೋಟೆ ತೆಗೆದ. ಒಳಗೆ ಎಕ್ಸ್‌ರೇ. ಒಂದು ಚೀಟಿ. ಬೀದಿ ಮೂಲೆಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದನಂತೆ. ಅವರು ಇಡೀ ದವಡೆಯ ಫೋಟೋ ತೆಗೆಸಿದ್ದರು. ಎಡಗಡೆ ಮೂಳೆಯಲ್ಲಿ ಒಂದು ಕಪ್ಪು ಮಚ್ಚೆ ಇದೆ, ಅದರ ಮೇಲೆ ಅಡ್ಡಕ್ಕೆ ಬೆಳ್ಳಗೆ ಏನೋ ಮಬ್ಬಾಗಿ ಬೆಳೆದ ಹಾಗಿದೆ, ಏನೆಂದು ತಮಗೆ ತಿಳಿಯುತ್ತಿಲ್ಲ, ಬೇಗ ದವಡೆಯ ಸರ್ಜನ್ ಹತ್ತಿರ ಹೋಗಿ ಅಂದಿದ್ದರು. ಚೀಟಿಯಲ್ಲೂ ಬರೆದಿತ್ತು. ಬಾಯಿ, ದವಡೆ ಮತ್ತು ಮುಖದ ಸರ್ಜನ್. ತಾರೀಖು ನೋಡಿದೆ. ಹನ್ನೊಂದು ದಿನ ಹಿಂದಿನದು.

"ಹನ್ನೊಂದು ದಿನ ಇದನ್ನ ಕ್ಯಾನ್ವಾಸ್ ಕೆಳಗೆ ಇಟ್ಟಿದ್ದೀಯ?"

"ಕ್ಯಾನ್ವಾಸ್ ಕೆಳಗೆ ಇಟ್ಟರೆ ಮಡಿಕೆ ಬೀಳಲ್ಲ."

"ತಮಾಷೆ ಬೇಡ. ನಿನ್ನ ಹೆಂಡತಿಗೆ ಗೊತ್ತಾ?"

"ಇಲ್ಲ."

"ನನಗಾದರೂ ಹೇಳಬಾರದಾ?"

"ನಿಮಗೆ ಹೇಗೆ ಹೇಳಲಿ ಅತ್ತಿಗೆ? ಅದೇ ದಾರೀಲಿ ನಿಮ್ಮನ್ನ ಇನ್ನೊಂದು ಸಲ ನಡೆಸೋದಾ?"

ನನಗೆ ಬಂದ ಸಿಟ್ಟಿಗೆ ಇಸ್ತ್ರಿ ಪೆಟ್ಟಿಗೆ ಅವನ ತಲೆ ಮೇಲೆ ಇಡಬೇಕು ಅನ್ನಿಸಿತು. ಇಡಲಿಲ್ಲ. ಚೀಟಿ ಕಿತ್ತುಕೊಂಡು ಚಪ್ಪಲಿ ಮೆಟ್ಟಿದೆ.

ಸರ್ಜನ್ ಎಲ್ಲಿದ್ದಾರೆ ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ಮೂಲೆಯ ಹಲ್ಲಿನ ಡಾಕ್ಟರು ಬಾಗಿಲಿಗೆ ಬೀಗ ಹಾಕಿ ಎಲ್ಲೋ ಮದುವೆಗೆ ಹೋಗಿದ್ದರು. ಔಷಧಿ ಅಂಗಡಿಯವನನ್ನು ಕೇಳಿದೆ. ಅವನು ಕಿವಿ ಮೂಗು ಗಂಟಲಿನ ಡಾಕ್ಟರ ಕಡೆ ಕೈ ತೋರಿಸಿದ. ಅಲ್ಲಿ ಒಂದೂವರೆ ಗಂಟೆ ಕೂತೆ. "ದವಡೆ ನಮ್ಮದಲ್ಲಮ್ಮ, ನಮ್ಮದು ಗಂಟಲಿಂದ ಶುರು" ಅಂದರು. ಚೀಟಿಯಲ್ಲಿ ಮುಖ ಅಂತಲೂ ಇದೆಯಲ್ಲ ಎಂದು, ಮುಖದ ಡಾಕ್ಟರು ಎಂದು ಬೋರ್ಡು ಇದ್ದ ಕಡೆ ಹೋದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಒಳಗೆ ಕೆನ್ನೆ ಹೊಳೆಯುವ ಒಂದು ಹುಡುಗಿ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸುಕ್ಕು ತೆಗೆಸಬೇಕಾ ಆಂಟಿ?"

"ನನಗಲ್ಲಮ್ಮ. ನನ್ನ ಮೈದುನನಿಗೆ."

"ಪರವಾಗಿಲ್ಲ, ಗಂಡಸರಿಗೂ ಮಾಡ್ತೀವಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಗು ಬರಬೇಕಿತ್ತು. ಬರಲಿಲ್ಲ. ಎರಡು ದಿನ ಹೀಗೇ ಅಲೆದೆ. ಯಾರನ್ನು ಕೇಳಿದರೂ ಹಲ್ಲು ಅನ್ನುತ್ತಿದ್ದರು, ಇಲ್ಲ ಗಂಟಲು ಅನ್ನುತ್ತಿದ್ದರು. ನಡುವೆ ಇರುವ ದವಡೆ ಯಾರದೂ ಅಲ್ಲ.

ಮೂರನೇ ದಿನ ಅಂಗಡಿಯಲ್ಲಿ ಕೂತು ಯೋಚನೆ ಮಾಡುವಾಗ ಅಳತೆ ಪುಸ್ತಕಗಳು ನೆನಪಾದವು.

ನಮ್ಮ ಮನೆಯವರಿಗೆ ಒಂದು ಪದ್ಧತಿ ಇತ್ತು. ಟೇಪು ಹಿಡಿಯುವ ಮೊದಲು ಗಿರಾಕಿಯನ್ನು ಕೇಳುವರು, "ತಮ್ಮದು ಏನು ಕೆಲಸ?" ಕೆಲವರು ಮುಖ ಗಂಟು ಹಾಕುತ್ತಿದ್ದರು. ಇವರು ಬಿಡುತ್ತಿರಲಿಲ್ಲ. ಮೈ ನಿಂತಾಗ ಒಂದು ಅಳತೆ, ಕೆಲಸ ಮಾಡುವಾಗ ಇನ್ನೊಂದು ಅನ್ನುತ್ತಿದ್ದರು. ಬಸ್ಸು ಓಡಿಸುವವನಿಗೆ ಭುಜ ಸಡಿಲ ಬೇಕು. ಬೋರ್ಡಿನ ಮೇಲೆ ಬರೆಯುವ ಮೇಷ್ಟರಿಗೆ ಬಲಗೈ ಮುಕ್ಕಾಲು ಇಂಚು ಉದ್ದ ಬೇಕು. ಎದೆ, ಸೊಂಟ, ತೋಳು ಬರೆದು ಪಕ್ಕದಲ್ಲಿ ಕೆಲಸವನ್ನೂ ಬರೆಯುತ್ತಿದ್ದರು. ಅಂಥ ಪುಸ್ತಕ ಒಂಬತ್ತು. ಅವರು ಹೋದ ಮೇಲೆ ನಾನು ಅವನ್ನು ಮುಟ್ಟಿರಲಿಲ್ಲ. ಅವರ ಅಕ್ಷರ ನೋಡುವ ಧೈರ್ಯ ಇರಲಿಲ್ಲ.

ಕಪಾಟಿನ ಮೇಲಿಂದ ಇಳಿಸಿದೆ. ನಾನು ಓದಿದ್ದು ಐದನೇ ಕ್ಲಾಸು, ಬೆರಳಿಟ್ಟು ಓದಬೇಕು. ಮೈದುನ ಮೆಷಿನ್ ನಿಲ್ಲಿಸಿ ನೋಡಿದ. ಬಂದು ಪಕ್ಕದಲ್ಲಿ ಕೂತು ಇನ್ನೊಂದು ಪುಸ್ತಕ ತೆಗೆದುಕೊಂಡ. ಹಾಲಿನವನು, ಗಡಿಯಾರ ರಿಪೇರಿ, ಅಂಚೆ, ಬ್ಯಾಂಡಿನಲ್ಲಿ ಡೋಲು, ಬಲಭುಜ ಎತ್ತರ. ಒಬ್ಬೊಬ್ಬರನ್ನೂ ಮುಂದೆ ನಿಲ್ಲಿಸಿ ನೋಡಿದ ಹಾಗೆ ಬರೆದಿದ್ದರು. ಆರನೇ ಪುಸ್ತಕದಲ್ಲಿ ಸಿಕ್ಕಿತು.

"ದವಡೆ ಡಾಕ್ಟರಮ್ಮ. ಬಿಳಿ ಕೋಟು ಎರಡು. ದವಡೆ ಮೂಳೆ ಆಪರೇಷನ್ ಮಾಡ್ತಾರೆ. ಎರಡೂ ಕೈ ಎತ್ತಿ, ಮುಂದೆ ಬಾಗಿ ಕೆಲಸ. ಬೆನ್ನು ಒಂದು ಇಂಚು ಸಡಿಲ. ಕಾಲರು ತಮ್ಮನೇ ಮಾಡಲಿ."

ಕೆಳಗೆ ಫೋನ್ ನಂಬರು. ಏಳು ವರ್ಷದ ಹಿಂದಿನ ತಾರೀಖು.

ನಾನು ಆ ಪುಟ ಹಿಡಿದುಕೊಂಡು ಕೂತೆ. ಇವರು ಹುಣ್ಣು ಇಟ್ಟುಕೊಂಡು ಐದು ತಿಂಗಳು ಕಷ್ಟಪಟ್ಟರು. ಡಾಕ್ಟರಮ್ಮ ನಮ್ಮ ಕಪಾಟಿನಲ್ಲೇ ಇದ್ದರು. ತಾವೇ ಬರೆದದ್ದು, ತಮಗೇ ನೆನಪಾಗಲಿಲ್ಲ. ಗಿರಾಕಿಯ ಕೆಲಸ ಕೇಳಿದ್ದು ಅಳತೆಗೆ. ತಮಗೆ ಒಂದು ದಿನ ಬೇಕಾಗುತ್ತದೆ ಎಂದಲ್ಲ.

"ಅತ್ತಿಗೆ," ಮೈದುನ ಅಂದ, "ಫೋನ್ ಮಾಡಿ. ಆಮೇಲೆ ಅಳೋಣ."

ಮಾಡಿದೆ. ಒಬ್ಬಳು ಎತ್ತಿದಳು. ಮುಂದಿನ ವಾರದವರೆಗೆ ಜಾಗ ಇಲ್ಲ ಅಂದಳು. "ನಾವು ಡಾಕ್ಟರಮ್ಮನ ಕೋಟು ಹೊಲಿದವರು ತಾಯಿ. ಅಷ್ಟು ಹೇಳಿ ನೋಡಿ" ಅಂದೆ. ಫೋನ್ ಕೆಳಗಿಟ್ಟು ಹೋಗಿ ಬಂದಳು. "ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ."

ಮೂರನೇ ಮಹಡಿ. ಒಂದಕ್ಕೊಂದು ಅಂಟಿಸಿದ ಕುರ್ಚಿಗಳು. ಒಬ್ಬ ಅಲುಗಿದರೆ ಸಾಲೆಲ್ಲ ಅಲುಗುತ್ತದೆ. ಮೈದುನ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವನ ಕಾಲು ನಿಂತಲ್ಲಿ ನಿಲ್ಲದೆ ಮೆಷಿನ್ ತುಳಿದ ಹಾಗೆ ಕುಣಿಯುತ್ತಿತ್ತು. ಸಾಲೆಲ್ಲ ಅಲುಗುತ್ತಿತ್ತು. ನಾನು ಅವನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದೆ.

ಡಾಕ್ಟರಮ್ಮ ಗಿಡ್ಡಕ್ಕೆ, ನರೆ ಬಂದ ಹೆಂಗಸು. ಬಿಳಿ ಕೋಟಿನ ಕೈತುದಿ ಸವೆದು ನೂಲು ಬಿಟ್ಟಿತ್ತು. ಮೈದುನ ನನ್ನ ಕಿವಿಯಲ್ಲಿ ಅಂದ, "ಕಾಲರು ನಮ್ಮದು." ಅವರಿಗೆ ಕೇಳಿಸಿತು.

"ನಿಮ್ಮದೇ," ಅಂದರು. "ಇನ್ನೊಂದು ಹರಿದು ಹೋಯ್ತು. ಇದು ಹೋಗ್ತಾ ಇಲ್ಲ. ಇಲ್ಲಿ ಕೂರಿ, ಬಾಯಿ ತೆರೀರಿ."

ಕೈಗವಸು ಹಾಕಿ ಒಳಗೆಲ್ಲ ಒತ್ತಿ ನೋಡಿದರು. ನಾಲಿಗೆ ಹಿಡಿದು ಆಚೆ ಈಚೆ ತಿರುಗಿಸಿದರು. ತುಟಿ ಜೋಮು ಹಿಡಿಯುತ್ತಾ ಎಂದು ಕೇಳಿದರು, ಇಲ್ಲ ಅಂದ. ಕುತ್ತಿಗೆಯನ್ನು ಎರಡೂ ಕೈಯಿಂದ ತಡವಿದರು. ಆಮೇಲೆ ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ತುಂಬ ಹೊತ್ತು ನಿಂತರು. ನಾನು ಅವರ ಬೆನ್ನು ನೋಡುತ್ತಿದ್ದೆ. ಒಂದು ಇಂಚು ಸಡಿಲ ಇದ್ದದ್ದು ಸರಿಯಾಗಿಯೇ ಇತ್ತು.

"ಈ ಫೋಟೋ ತೆಗೆಯುವಾಗ ಕುತ್ತಿಗೆಯಲ್ಲಿ ಏನಾದರೂ ಇತ್ತಾ? ಸರ, ಚೈನು?"

"ಸರಾನಾ? ನನಗಾ?" ಅಂದ ಮೈದುನ.

"ಹೊಲಿಯೋರು ನೀವೇ ಅಲ್ವಾ? ಕೂತು ಮಾಡೋ ಕೆಲಸ. ಸೂಜಿ ಎಲ್ಲಿ ಇಟ್ಕೋತೀರಿ?"

ಮೈದುನನ ಕೈ ತನ್ನಷ್ಟಕ್ಕೆ ಕುತ್ತಿಗೆಗೆ ಹೋಯಿತು. ಅಲ್ಲೇ ನಿಂತಿತು. ಬಾಯಿ ತೆರೆದವನು ಮುಚ್ಚಲಿಲ್ಲ.

"ಕಾಲರ್ ಎತ್ತಿ" ಅಂದರು ಡಾಕ್ಟರಮ್ಮ.

ಎತ್ತಿದ. ಕಾಲರಿನ ಒಳಗಡೆ, ಬಲಗಿವಿಯ ಕೆಳಗೆ, ಮೂರು ಗುಂಡುಸೂಜಿ ಸಾಲಾಗಿ ಚುಚ್ಚಿದ್ದವು. ಹೊರಗಿನಿಂದ ಒಂದಿಷ್ಟೂ ಕಾಣದ ಹಾಗೆ. ಕಾಲರಿನ ಕೆಲಸದಲ್ಲಿ ಅವನು ಎಷ್ಟು ಹುಷಾರು ಎಂದು ಹೇಳಿದೆನಲ್ಲ.

"ಅಯ್ಯೋ ನಿನ್ನ!" ಅಂದೆ.

"ಮತ್ತೆ ಎಲ್ಲಿ ಇಡಲಿ ಅತ್ತಿಗೆ? ಬಾಯಿಗೆ ಹಾಕಬೇಡ ಅಂದೋರು ನೀವೇ!"

ನರ್ಸು ಮುಖ ತಿರುಗಿಸಿಕೊಂಡು ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಎಕ್ಸ್‌ರೇಯಲ್ಲಿ ಬಲಗಡೆ ಅಂಚಿಗೆ ಬೆರಳಿಟ್ಟು ತೋರಿಸಿದರು. ಅಲ್ಲಿ ಸಣ್ಣಗೆ ಚೂಪಾಗಿ ಬಿಳಿ ಗೆರೆ. "ಇದು ಸೂಜಿ. ಈ ಮೆಷಿನ್ ತಲೆ ಸುತ್ತ ತಿರುಗುತ್ತೆ. ಹಾಗೆ ತಿರುಗುವಾಗ ಬಲಗಡೆಯ ಲೋಹದ ನೆರಳು ಎಡಗಡೆ ಬೀಳುತ್ತೆ, ಸ್ವಲ್ಪ ಮೇಲೆ, ಮಬ್ಬಾಗಿ. ಈ ಬೆಳ್ಳಗಿರೋದು ಬೆಳೆದದ್ದಲ್ಲ. ನಿಮ್ಮ ಸೂಜಿಯ ನೆರಳು."

"ಕಪ್ಪಗಿರೋದು?" ಅಂದೆ ನಾನು.

"ಅದು ಸೂಜಿಯಲ್ಲ. ಇನ್ನೊಂದು ಫೋಟೋ ತೆಗೆಯೋಣ."

ಮೈದುನನ ಅಂಗಿ ಬಿಚ್ಚಿಸಿ ನರ್ಸು ಅವನ ಕುತ್ತಿಗೆ, ಕಿವಿ ಹಿಂದೆ, ಬನಿಯನ್ನು ಎಲ್ಲ ತಡವಿ ನೋಡಿದಳು. ಬನಿಯನ್ನಿನಲ್ಲಿ ಇನ್ನೊಂದು ಸಿಕ್ಕಿತು. ಅವಳು ಅದನ್ನು ಟ್ರೇಯಲ್ಲಿ ಹಾಕಿ, "ಇನ್ನು ಎಷ್ಟಿವೆ ಮಾಸ್ತರೇ, ಈಗಲೇ ಹೇಳಿಬಿಡಿ" ಅಂದಳು.

ಹೊಸ ಫೋಟೋದಲ್ಲಿ ಬಿಳಿ ಇರಲಿಲ್ಲ. ಕಪ್ಪು ಮಚ್ಚೆ ಒಂದೇ, ಗುಂಡಗೆ, ಅಂಚು ಕತ್ತರಿಸಿದ ಹಾಗೆ ನೀಟಾಗಿ. ನಡುವೆ ಒಂದು ಹಲ್ಲು ಅಡ್ಡ ಮಲಗಿತ್ತು. ಹೊರಗೆ ಬರದೆ ಮೂಳೆಯಲ್ಲೇ ಉಳಿದ ಹಲ್ಲಂತೆ. ಅದರ ಸುತ್ತ ನೀರಿನ ಚೀಲ ಕಟ್ಟಿದೆಯಂತೆ.

ನಾನು ನೇರವಾಗಿ ಕೇಳಿದೆ. "ನನ್ನ ಗಂಡ ಬಾಯಿ ಹುಣ್ಣಿನಿಂದ ಹೋದರು. ಇದು ಅದೇನಾ?"

ಡಾಕ್ಟರಮ್ಮ ಕೋಟಿನ ಸವೆದ ಕೈತುದಿಯನ್ನು ಹಿಡಿದುಕೊಂಡರು. "ಇದನ್ನ ಕತ್ತರಿಸಿದವರಾ? ಏನು ಕೆಲಸ ಅಂತ ಕೇಳಿ, ಕೈ ಎತ್ತಿ ಬಾಗಿ ತೋರಿಸಿ ಅಂದವರಾ?"

"ಹೌದು."

ಡಾಕ್ಟರಮ್ಮ, ಅವರನ್ನು ಇಲ್ಲಿಗೆ ಯಾಕೆ ಕರೆತರಲಿಲ್ಲ ಎಂದು ಕೇಳಲಿಲ್ಲ. ಅದಕ್ಕೆ ಅವರಿಗೆ ನಾನು ಋಣಿ.

"ಇದು ಅದರ ಹಾಗೆ ಕಾಣ್ತಿಲ್ಲ. ಆದರೆ ಕಣ್ಣಲ್ಲಿ ನೋಡಿ ನಾನು ಮಾತು ಕೊಡಲ್ಲ. ಹಲ್ಲು, ಚೀಲ ಎರಡೂ ತೆಗೀತೀನಿ. ಚೀಲವನ್ನ ಪರೀಕ್ಷೆಗೆ ಕಳಿಸ್ತೀನಿ. ಅದು ಬಂದ ಮೇಲೆ ಹೇಳ್ತೀನಿ."

ಬೇರೆಯವರು ಇಂಥ ಕಡೆ ಏನೂ ಆಗಲ್ಲ ಅಂದುಬಿಡುತ್ತಾರೆ. ಇವರು ಅನ್ನಲಿಲ್ಲ. ಆದ್ದರಿಂದಲೇ ನನಗೆ ಅರ್ಧ ಧೈರ್ಯ ಬಂತು.

ಸಂಜೆ ಇಬ್ಬರೂ ಸೇರಿ ನನ್ನ ವಾರಗಿತ್ತಿಗೆ ಹೇಳಿದೆವು. ಅವನ ಹೆಂಡತಿ, ಬೇಕರಿಯಲ್ಲಿ ಕೆಲಸ. ಮೊದಲು ಅತ್ತಳು. ಆಮೇಲೆ ಕೈ ಒರೆಸಿಕೊಂಡು ಇಬ್ಬರಿಗೂ ಸೇರಿಸಿ ಬೈದಳು. "ಇವರು ಬಾಯಿ ಬಿಡಲ್ಲ, ಸರಿ, ಹುಟ್ಟಿದ್ದೇ ಹಾಗೆ. ಅಕ್ಕ, ನಿಮಗೇನಾಗಿತ್ತು? ಮೂರು ದಿನ ನನ್ನ ಮುಖ ನೋಡಿಕೊಂಡು ಬ್ರೆಡ್ಡು ಇಸ್ಕೊಂಡು ಹೋದಿರಲ್ಲ!" ಅವನು ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಬೈದವಳು ನಾನೂ ಅದನ್ನೇ ಮಾಡಿದ್ದೆ.

ಆಪರೇಷನ್ ಬೆಳಿಗ್ಗೆ ಆಯಿತು, ಒಂದೂ ಮುಕ್ಕಾಲು ಗಂಟೆ. ವಾರಗಿತ್ತಿಯೂ ನಾನೂ ಆ ಅಲುಗುವ ಕುರ್ಚಿಗಳ ಮೇಲೆ ಕೈ ಹಿಡಿದು ಕೂತೆವು. ಡಾಕ್ಟರಮ್ಮ ಬಂದು, "ತೆಗೆದಾಯ್ತು, ಮೂಳೆ ಗಟ್ಟಿ ಇದೆ" ಅಂದರು. ಪರೀಕ್ಷೆಯ ಫಲಕ್ಕೆ ಒಂಬತ್ತು ದಿನ.

ಆ ಒಂಬತ್ತು ದಿನ ದಾಟಿದ್ದು ಹೇಗೆ ಎಂದು ಬರೆಯಲು ಬರುವುದಿಲ್ಲ. ಮೈದುನ ನಾಲ್ಕನೇ ದಿನಕ್ಕೇ ಅಂಗಡಿಗೆ ಬಂದ. ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಲು ಆಗುವುದಿಲ್ಲ ಅಂದ. ಮುಖ ಒಂದು ಕಡೆ ಊದಿ ಎಡಗಣ್ಣು ಸಣ್ಣದಾಗಿತ್ತು. ಹಾಲಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟು ಬೇರೇನೂ ಇಲ್ಲ. ಗಿರಾಕಿಗಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

"ಏನ್ ಮಾಸ್ತರೇ, ಯಾರು ಬಾರಿಸಿದರು?"

"ಅತ್ತಿಗೆ."

"ಯಾಕೆ?"

"ಒಂದು ಕಾಲರು ವಾರೆ ಆಯ್ತು."

ಅವರು ನನ್ನನ್ನು ನೋಡುವರು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿ ತೋರಿಸುವೆ.

ಆ ದಿನಗಳಲ್ಲಿ ಕೈ ಸುಮ್ಮನಿರಲಾರದೆ ಒಂದು ಕೆಲಸ ಮಾಡಿದೆ. ನಮ್ಮ ಮನೆಯವರ ಬೂದು ಕೋಟು ಪೆಟ್ಟಿಗೆಯಲ್ಲಿತ್ತು. ಅದರ ಒಳಜೇಬು ಬಿಚ್ಚಿ, ಒಳಗೆ ಚಿಂದಿ ತುಂಬಿ, ಸೂಜಿ ಚುಚ್ಚುವ ಸಣ್ಣ ದಿಂಬು ಹೊಲಿದೆ. ಮಣಿಕಟ್ಟಿಗೆ ಕಟ್ಟಿಕೊಳ್ಳಲು ಪಟ್ಟಿ ಹಾಕಿದೆ. ಎರಡು ವರ್ಷ ಮೊದಲೇ ಮಾಡಬೇಕಿತ್ತು. ಬೇಡ ಎಂದು ಹೇಳಿದವಳು, ಮತ್ತೆ ಎಲ್ಲಿಡಬೇಕು ಎಂದು ಹೇಳಲಿಲ್ಲ.

ಒಂಬತ್ತನೇ ದಿನ ಹನ್ನೊಂದು ಗಂಟೆಗೆ ಕಾಜಾ ಸುತ್ತುತ್ತಿದ್ದೆ. ಫೋನ್ ಬಂತು. ಡಾಕ್ಟರಮ್ಮನೇ.

"ಬರೀ ನೀರಿನ ಚೀಲ. ಬೇರೇನೂ ಇಲ್ಲ. ಕೇಳಿಸ್ತಾ ನಿಮಗೆ? ಬೇರೇನೂ ಇಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು."

"ಇನ್ನೊಂದು ಸಲ ಹೇಳಿ" ಅಂದೆ. ಹೇಳಿದರು.

ಮೈದುನನ ಮೆಷಿನ್ ನಿಂತಿತ್ತು. ನಾನು ತಿರುಗಿ, "ಬರೀ ನೀರು" ಅಂದೆ. ಅವನು ಹೊಲಿಯುತ್ತಿದ್ದ ಅಂಗಿಯ ಮೇಲೆ ಹಣೆ ಇಟ್ಟುಬಿಟ್ಟ. ನಾನು ಎದ್ದು ಹೋಗಿ ಕತ್ತರಿಸುವ ಮೇಜಿನ ಆ ನುಣುಪಾದ ಅಂಚು ಹಿಡಿದು ನಿಂತೆ. ಎರಡು ವರ್ಷದಲ್ಲಿ ಡಾಕ್ಟರ ಬಾಯಿಂದ ಒಳ್ಳೆಯ ಮಾತು ಕೇಳಿದ್ದು ಅದೇ ಮೊದಲು. ನಮ್ಮ ಮನೆಯವರೂ ಇದನ್ನು ಕೇಳಬೇಕಿತ್ತು ಅನ್ನಿಸಿತು. ತಮ್ಮ ಉಳಿದದ್ದು ಅವರ ಅಕ್ಷರದಿಂದ.

ಆಮೇಲೆ ಮೈದುನ ತಲೆ ಎತ್ತಿ, "ಅಂಗಿ ಒದ್ದೆ ಆಯ್ತು, ಇಸ್ತ್ರಿ ಹಾಕಿ" ಅಂದ.

ಕಳೆದ ತಿಂಗಳು ಡಾಕ್ಟರಮ್ಮ ಹೊಸ ಕೋಟಿಗೆ ಅಂಗಡಿಗೇ ಬಂದರು. ಅಳತೆ ನಾನು ತೆಗೆದೆ. ಕೈ ಎತ್ತಿ ಬಾಗಿ ಎಂದೆ, ಬಾಗಿದರು. ಆರನೇ ಪುಸ್ತಕದ ಅದೇ ಪುಟದಲ್ಲಿ ನಮ್ಮ ಮನೆಯವರ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ಬರೆದೆ. ಬೆನ್ನು ಇನ್ನು ಅರ್ಧ ಇಂಚು ಸಡಿಲ. ಡಾಕ್ಟರಮ್ಮನ ನಂಬರನ್ನು ರಟ್ಟಿನ ಮೇಲೆ ದಪ್ಪಗೆ ಬರೆದು ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಬಟ್ಟೆ ಹಾಕಿ ನೋಡುವವರೆಲ್ಲ ಅದನ್ನು ಓದುತ್ತಾರೆ. ಇದೇನು ಎಂದು ಕೇಳುತ್ತಾರೆ. ಹೇಳುತ್ತೇನೆ. ಇಬ್ಬರು ಬರೆದುಕೊಂಡು ಹೋದರು.

ಮೈದುನ ದಿಂಬನ್ನು ಎಡಗೈಗೆ ಕಟ್ಟಿಕೊಳ್ಳುತ್ತಾನೆ. ಆದರೂ ನಾನು ದಿನಾ ಸಂಜೆ ಅವನ ಕಾಲರು ಎತ್ತಿ ನೋಡಿಯೇ ಮನೆಗೆ ಕಳಿಸುವುದು.

ಮೊನ್ನೆ ಟೀ ಬಂತು. ಅವನು ಲೋಟ ಎತ್ತಿದ. ತಲೆ ವಾಲಿಸಲಿಲ್ಲ. ನಾನು ನೋಡುತ್ತಿದ್ದೆ. ನಾನು ನೋಡುತ್ತಿರುವುದನ್ನು ಅವನು ನೋಡಿದ.

"ಬಿಸಿ ಇದೆ ಅತ್ತಿಗೆ," ಅಂದ. "ಎರಡೂ ಕಡೆ."